ಗುರಿ ಹಲವು, ದಾರಿ ಒಂದೇ

‘ದಾರಿ ಹಲವು, ಗುರಿ ಒಂದೇ’ ಎಂಬ ಮಾತು ಇಪ್ಪತ್ತು ವರ್ಷದಿಂದ ನನ್ನನ್ನು ಸಾಕುತ್ತಿದೆ. ಸರ್ವಧರ್ಮ ಸಮನ್ವಯ ಗೋಷ್ಠಿಯೋ ಭಾವೈಕ್ಯ ಸಪ್ತಾಹವೋ ಸೌಹಾರ್ದ ಸಂಜೆಯೋ, ಏನೇ ಇರಲಿ, ಮೈಕು ಕೈಗೆ ಬಂದ ಎರಡನೇ ನಿಮಿಷಕ್ಕೆ ಈ ಮಾತು ಬಿಟ್ಟರೆ ಸಭೆ ತಲೆದೂಗುತ್ತದೆ. ಮೂರನೇ ನಿಮಿಷಕ್ಕೆ ನದಿಗಳೆಲ್ಲ ಸಮುದ್ರ ಸೇರುತ್ತವೆ. ಐದನೇ ನಿಮಿಷಕ್ಕೆ ಒಂದೇ ಬೆಟ್ಟವನ್ನು ನಾಲ್ಕು ದಿಕ್ಕಿನಿಂದ ಹತ್ತಿ ಮುಗಿಸಿರುತ್ತೇನೆ. ಅಲ್ಲಿಗೆ ಒಂದು ಶಾಲು, ಒಂದು ಹಾರ, ಒಂದು ಮೈಸೂರು ಪೇಟ, ಜರಿ ಕಾಗದ ಸುತ್ತಿದ ಹಣ್ಣಿನ ಬುಟ್ಟಿ. ಈ ಒಂದೇ ವಾಕ್ಯ ದುಡಿದು ತಂದ ಶಾಲುಗಳು ನಮ್ಮ ಮನೆಯ ಬೀರುವಿನಲ್ಲಿ ನಲವತ್ತರ ಮೇಲಿವೆ. ಮನೆಯವಳು ಒಂದನ್ನು ಮಿಕ್ಸಿಗೆ, ಇನ್ನೊಂದನ್ನು ಹಳೇ ಕಂಪ್ಯೂಟರಿಗೆ ಹೊದಿಸಿದ್ದಾಳೆ.

ಮೊನ್ನೆ ಹುಣಸೂರಿನ ಒಂದು ಕಲ್ಯಾಣ ಮಂಟಪದಲ್ಲಿ ಅದೇ ಮಾತನ್ನು ಮತ್ತೆ ಹೇಳಿ ಶಾಲು ಪಡೆದೆ. ಅಲ್ಲಿಂದ ಕುಟ್ಟಕ್ಕೆ, ತಂಗಿಯ ಮನೆಗೆ ಹೋಗಬೇಕಿತ್ತು. ಭಾಷಣ ಹೊತ್ತಿಗೆ ಸರಿಯಾಗಿ ಮುಗಿದಿತ್ತು. ಆದರೆ ವಂದನಾರ್ಪಣೆಗೆ ನಿಂತವರು ಅಡುಗೆ ಭಟ್ಟರಿಂದ ಹಿಡಿದು ಮೈಕ್ ಸೆಟ್ಟಿನವನ ತಮ್ಮನವರೆಗೆ ಒಬ್ಬರನ್ನೂ ಬಿಡದೆ ವಂದಿಸಿದರು. ಹನಗೋಡು ದಾಟಿ ವೀರನಹೊಸಹಳ್ಳಿ ಗೇಟಿನ ಮುಂದೆ ಗಾಡಿ ನಿಲ್ಲಿಸಿದಾಗ ಆರು ಗಂಟೆ ಐದು ನಿಮಿಷ. ನಾಗರಹೊಳೆ ಕಾಡಿನ ರಸ್ತೆ ಸಂಜೆ ಆರಕ್ಕೆ ಮುಚ್ಚಿದರೆ ತೆಗೆಯುವುದು ಬೆಳಗ್ಗೆ ಆರಕ್ಕೆ.

‘ಟೈಮಾಯ್ತು ಸಾರ್. ಗೋಣಿಕೊಪ್ಪದ ಮೇಲೆ ಹೋಗಿ’ ಎಂದ ಗಾರ್ಡು.

‘ಐದೇ ನಿಮಿಷ ಕಣಪ್ಪ.’

‘ಆನೆಗೆ ಐದು ನಿಮಿಷದ ಲೆಕ್ಕ ಗೊತ್ತಾಗಲ್ಲ ಸಾರ್.’

ಗೋಣಿಕೊಪ್ಪದ ಮೇಲೆ ಹೋದರೂ ಕುಟ್ಟ ಸಿಗುತ್ತದೆ. ದಾರಿ ಹಲವು, ಗುರಿ ಒಂದೇ. ಆದರೂ ಬೇಜಾರಾಗಿ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆ. ಅಲ್ಲೊಬ್ಬ ಜೇನುಕುರುಬರ ಅಜ್ಜ ಮೊದಲೇ ಕೂತಿದ್ದ. ಗಾಡಿಯ ಹಿಂದಿನ ಸೀಟಿನಲ್ಲಿದ್ದ ಪೇಟ, ಹಾರ ನೋಡಿ, ‘ಮದ್ವೆಗೋಗಿದ್ರಾ ಸಾಮಿ?’ ಎಂದ.

‘ಇಲ್ಲ ಅಜ್ಜ, ಭಾಷಣಕ್ಕೆ.’

‘ಏನಂತ ಯೋಳುದ್ರಿ?’

‘ಎಲ್ಲಾ ದಾರೀನೂ ಕೊನೆಗೆ ಒಂದೇ ಕಡೆ ಹೋಗ್ತವೆ ಅಂತ.’

ಅಜ್ಜ ಮುಚ್ಚಿದ ಗೇಟನ್ನೊಮ್ಮೆ ನೋಡಿದ. ನನ್ನನ್ನೊಮ್ಮೆ ನೋಡಿದ. ‘ಯಾರಿಗೆ?’ ಎಂದ.

ಇಪ್ಪತ್ತು ವರ್ಷದಲ್ಲಿ ಯಾವ ಸಭಿಕನೂ ಕೇಳದ ಪ್ರಶ್ನೆ ಅದು. ಟೀ ಆರುವ ತನಕ ಉತ್ತರ ಹುಡುಕಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ತಾಲ್ಲೂಕನ್ನು ಮನಸ್ಸಿನಲ್ಲೇ ಸುತ್ತಿ ಬಂದೆ. ಸುತ್ತಿದಷ್ಟೂ ನನ್ನ ನಲವತ್ತು ಶಾಲುಗಳ ಎಳೆ ಬಿಚ್ಚತೊಡಗಿತು.

ಮೊದಲು ಆ ನದಿಯ ಉಪಮೆ. ಮೈಸೂರು ಜಿಲ್ಲೆಯಲ್ಲಿ ನಿಂತು ‘ನದಿಗಳೆಲ್ಲ ಸಮುದ್ರ ಸೇರುತ್ತವೆ’ ಎನ್ನಲು ಗುಂಡಿಗೆ ಬೇಕು. ಲಕ್ಷ್ಮಣತೀರ್ಥ ಇರ್ಪುವಿನಿಂದ ಇಳಿದು ಸಮುದ್ರ ಸೇರೋಣವೆಂದು ಹೊರಟರೆ ಹನಗೋಡಿನಲ್ಲೇ ಅಣೆಕಟ್ಟೆ ಅಡ್ಡ. ಅಲ್ಲಿ ನುಸುಳಿ ಬಂದದ್ದನ್ನು ಕನ್ನಂಬಾಡಿ ಹಿಡಿದುಕೊಳ್ಳುತ್ತದೆ. ಕೋಟೆಯ ಕಪಿಲೆಯನ್ನು 1974ರಿಂದ ಬೀಚನಹಳ್ಳಿಯಲ್ಲಿ ಕಟ್ಟಿಹಾಕಿದ್ದೇವೆ. ಅದೆಲ್ಲ ದಾಟಿ ಹೋಗುವ ನೀರಿಗೂ ಲೆಕ್ಕವಿದೆ. ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಎಂದು 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ದಶಮಾಂಶ ಬಿಡದೆ ಹೇಳಿದೆ. ನೀರು ಸಮುದ್ರ ಸೇರಿತೆಂದರೆ ನಮ್ಮ ಕಡೆ ಯಾವ ರೈತನೂ ಅದಕ್ಕೆ ಮುಕ್ತಿ ಸಿಕ್ಕಿತು ಎನ್ನುವುದಿಲ್ಲ. ‘ಪೋಲಾಯ್ತು’ ಎನ್ನುತ್ತಾನೆ.

ಇನ್ನು ಬೆಟ್ಟ. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟಕ್ಕೆ ಮೆಟ್ಟಿಲಿವೆ. ಮೆಟ್ಟಿಲು ಬಿಟ್ಟು ಬೇರೆ ದಿಕ್ಕಿನಿಂದ ಹತ್ತಿದವನಿಗೆ ಸಿಗುವುದು ಲಂಟಾನ ಮುಳ್ಳು. ಅದಿರಲಿ, ಬಿಳಿಕೆರೆ ಹತ್ತಿರ ಗೊಮ್ಮಟಗಿರಿಯಿದೆ, ಅಲ್ಲಿ ಬಾಹುಬಲಿ ನಿಂತಿದ್ದಾನೆ. ಒಂದನ್ನು ಹತ್ತಿದವನು ಇನ್ನೊಂದರ ತುದಿ ಮುಟ್ಟಿದ್ದನ್ನು ಈ ತನಕ ಯಾರೂ ಕಂಡಿಲ್ಲ. ಬೆಟ್ಟಕ್ಕೆ ಎಷ್ಟು ದಾರಿ ಎಂದು ಎಣಿಸುತ್ತಾ ಕೂತ ನಮಗೆ, ಬೆಟ್ಟಗಳೆಷ್ಟು ಎಂದು ಎಣಿಸಲು ಪುರುಸೊತ್ತೇ ಆಗಿಲ್ಲ.

ನಮ್ಮ ಅನುಭಾವಿಗಳನ್ನೆಲ್ಲ ಒಂದು ಸಲ ಹುಣಸೂರು ಬಸ್ ಸ್ಟ್ಯಾಂಡಿಗೆ ಕರೆತಂದು ಒಂದೇ ಬಸ್ಸಿಗೆ ಹತ್ತಿಸಿ ನೋಡಿ. ಕಂಡಕ್ಟರನಿಗೆ ವೇದಾಂತ ಬೇಡ. ಅವನು ಕೇಳುವುದು ಒಂದೇ ಮಾತು: ‘ಎಲ್ಲಿಗೆ?’

ಶ್ರೀವೈಷ್ಣವರು ‘ವೈಕುಂಠಕ್ಕೆ’ ಎನ್ನುತ್ತಾರೆ. ಅಲ್ಲಿ ಹೋಗಿ ಏನು ಮಾಡುತ್ತೀರಿ ಎಂದರೆ ‘ಕೈಂಕರ್ಯ’ ಎನ್ನುತ್ತಾರೆ. ಅಂದರೆ ರಿಟೈರ್‌ಮೆಂಟ್ ಇಲ್ಲದ ಕೆಲಸ. ಪಕ್ಕದ ಸೀಟಿನ ಜೈನ ಮುನಿಗಳಿಗೆ ಲೋಕದ ತುತ್ತತುದಿಯ ಸಿದ್ಧಶಿಲೆಗೇ ಟಿಕೆಟ್ ಬೇಕು, ಅದೂ ಒಂಟಿ ಸೀಟು. ಅಲ್ಲಿ ಯಾವ ಜೀವವೂ ಇನ್ನೊಂದರಲ್ಲಿ ಕರಗುವ ಹಾಗಿಲ್ಲ, ಸೇವೆ ಮಾಡಿಸಿಕೊಳ್ಳಲು ಒಡೆಯನೂ ಇಲ್ಲ. ಮಾಧ್ವರು ‘ಸೀಟಿಗೆ ನಂಬರ್ ಹಾಕಿದ್ದೀಯೇನಪ್ಪ?’ ಎಂದು ವಿಚಾರಿಸುತ್ತಾರೆ. ಅವರ ಮೋಕ್ಷದಲ್ಲಿ ಆನಂದಕ್ಕೂ ತಾರತಮ್ಯವಿದೆ, ಮುಂದಿನ ಸೀಟಿನವರಿಗೆ ಹೆಚ್ಚು, ಹಿಂದಿನವರಿಗೆ ಕಡಿಮೆ. ಯಡತೊರೆ ಮಠದ ಕಡೆಯ ಅದ್ವೈತಿಗಳು ಟಿಕೆಟ್ಟೇ ತೆಗೆಯುವುದಿಲ್ಲ. ಹೋಗಬೇಕಾದ ಜಾಗದಲ್ಲೇ ಇದ್ದೇವೆ, ಹೋಗುವುದೆಂಬುದೇ ಭ್ರಮೆ ಎನ್ನುತ್ತಾರೆ. ‘ಹಂಗಾದ್ರೆ ಇಳ್ಕಳಿ ಸ್ವಾಮಿ, ನಿಂತಿರೋರು ಕೂತ್ಕತಾರೆ’ ಎನ್ನುತ್ತಾನೆ ಕಂಡಕ್ಟರು. ಬೈಲಕುಪ್ಪೆಯ ಭಿಕ್ಷು ಇನ್ನೂ ತೊಡಕಿನ ಗಿರಾಕಿ. ಹೋಗುವವನು ಯಾರು ಎಂದು ಅವನು ಕಂಡಕ್ಟರನನ್ನೇ ಕೇಳುತ್ತಾನೆ. ಹುಡುಕಿ ನೋಡಿದರೆ ಸೀಟಿನಲ್ಲಿ ‘ನಾನು’ ಎಂಬುವವನೇ ಇಲ್ಲ.

ಶರಣರದು ಬೇರೆಯೇ ಫಜೀತಿ. ಶೂನ್ಯಪೀಠ ಏರಿದ ಅಲ್ಲಮಪ್ರಭುವಿಗೆ ಪೂರ್ತಿ ಚಾರ್ಜು. ಶೂನ್ಯ ಟಿಕೆಟ್ ಸಿಗುವುದು ಅಕ್ಕಮಹಾದೇವಿಗೆ, ಶಕ್ತಿ ಯೋಜನೆಯಲ್ಲಿ. ಆದರೆ ಆಧಾರ್ ಥರದ್ದೇನಾದರೂ ತೋರಿಸಬೇಕು. ಎಲ್ಲ ಆಧಾರವನ್ನೂ ಬಿಟ್ಟು ಹೊರಟವಳಿಗೆ ಅದೇ ತೊಡಕು. ಜೊತೆಗೆ, ಅಂತರರಾಜ್ಯ ಬಸ್ಸಿಗೆ ಆ ಯೋಜನೆ ಅನ್ವಯವಿಲ್ಲ, ಅವಳು ಸೇರಬೇಕಾದ ಕದಳಿ ಇರುವುದು ಆಂಧ್ರದ ಶ್ರೀಶೈಲದಲ್ಲಿ.

ಇವರೆಲ್ಲರಿಗೂ ‘ಒಂದೇ ಕಡೆ’ ಎಂದು ಒಂದೇ ಟಿಕೆಟ್ ಹರಿದುಕೊಟ್ಟರೆ ಆ ಕಂಡಕ್ಟರನನ್ನು ಚೆಕಿಂಗಿನವರು ಹಿಡಿದು ಸಸ್ಪೆಂಡ್ ಮಾಡುತ್ತಾರೆ. ನಮ್ಮಂಥ ಭಾಷಣಕಾರರಿಗೆ ಶಾಲು ಹೊದಿಸುತ್ತಾರೆ.

ಬೇರೆ ಬೇರೆ ಮತಗಳ ಮಾತು ಹಾಗಿರಲಿ, ಗುರುಶಿಷ್ಯರ ಗುರಿಯಾದರೂ ಒಂದೇ ಇತ್ತೇ? ಕೆ.ಆರ್. ನಗರದಾಚೆಯ ಸಾಲಿಗ್ರಾಮಕ್ಕೆ ಹೋಗಿ. 12ನೇ ಶತಮಾನದಲ್ಲಿ ಚೋಳರ ಕಾಟಕ್ಕೆ ತಮಿಳುನಾಡು ಬಿಟ್ಟು ಬಂದ ರಾಮಾನುಜಾಚಾರ್ಯರು ಇಲ್ಲಿ ತಂಗಿದ್ದರೆಂದು ಪ್ರತೀತಿ. ಆಗ ಊರಿನವರು ಅವರನ್ನು ಹತ್ತಿರ ಸೇರಿಸಲಿಲ್ಲವಂತೆ. ಆಚಾರ್ಯರು ಶಿಷ್ಯ ಮುದಲಿಯಾಂಡಾನನಿಗೆ ಊರಿನ ನೀರಿನ ಕೊಳದಲ್ಲಿ ಕಾಲು ಅದ್ದಲು ಹೇಳಿದರಂತೆ. ಆ ನೀರು ಬಳಸಿದ ಊರಿಗೆ ಊರೇ ವೈಷ್ಣವವಾಯಿತಂತೆ. ವಾದವಿಲ್ಲ, ಗೋಷ್ಠಿಯಿಲ್ಲ, ವಂದನಾರ್ಪಣೆ ಮೊದಲೇ ಇಲ್ಲ. ಎಲ್ಲ ದಾರಿಯೂ ಒಂದೇ ಎಂದು ರಾಮಾನುಜರು ನಂಬಿದ್ದರೆ ಆ ಶಿಷ್ಯ ಕಾಲು ಒದ್ದೆ ಮಾಡಿಕೊಳ್ಳುವ ಅಗತ್ಯವೇ ಇರಲಿಲ್ಲ.

ಅದೇ ಸಾಲಿಗ್ರಾಮದಲ್ಲಿ ಅವರಿಗೆ ಸಿಕ್ಕ ಶಿಷ್ಯ ವಡುಗ ನಂಬಿ. ನನಗೆ ಆ ಆಚಾರ್ಯಪರಂಪರೆಯಲ್ಲೆಲ್ಲ ಅತಿ ಇಷ್ಟದ ಮನುಷ್ಯ ಇವನೇ. ಶ್ರೀರಂಗದಲ್ಲಿ ಒಂದು ದಿನ ರಂಗನಾಥನ ಉತ್ಸವ ಬೀದಿಗೆ ಬಂದಿದೆ. ನಂಬಿ ಒಳಗೆ ಒಲೆಯ ಮುಂದೆ ಕೂತು ಗುರುಗಳಿಗೆ ಹಾಲು ಕಾಯಿಸುತ್ತಿದ್ದಾನೆ. ಬಾ, ದೇವರು ಬಂದಿದ್ದಾನೆ, ನೋಡು ಎಂದು ಸಾಕ್ಷಾತ್ ರಾಮಾನುಜರೇ ಕೂಗುತ್ತಾರೆ. ನಿಮ್ಮ ದೇವರನ್ನು ನೋಡಲು ಬಂದರೆ ನನ್ನ ದೇವರ ಹಾಲು ಉಕ್ಕಿಹೋಗುತ್ತದೆ ಎಂಬರ್ಥದ ಉತ್ತರ ಒಳಗಿನಿಂದ ಬರುತ್ತದೆ. ಗುರುವಿನ ಗುರಿ ಬೀದಿಯಲ್ಲಿ ಪಲ್ಲಕ್ಕಿಯಲ್ಲಿ ಹೋಗುತ್ತಿದೆ, ಶಿಷ್ಯನ ಗುರಿ ಒಲೆಯ ಮೇಲೆ ಕಾಯುತ್ತಿದೆ. ಒಂದು ಸೂರಿನ ಕೆಳಗೇ ಇದು ಹೀಗೆ. ಆದರೂ ಇಬ್ಬರೂ ಜಗಳವಾಡಲಿಲ್ಲ, ಹಾಲೂ ಉಕ್ಕಲಿಲ್ಲ.

ಇನ್ನು ಬೈಲಕುಪ್ಪೆ. 1961ರಿಂದ ಟಿಬೆಟನ್ನರು ನೆಲೆಸಿರುವ ಊರು. ಭಾನುವಾರ ಹೋದರೆ ಗೋಲ್ಡನ್ ಟೆಂಪಲ್‌ನಲ್ಲಿ 60 ಅಡಿಯ ಬುದ್ಧನ ಎದುರು ನಮ್ಮವರ ಸೆಲ್ಫಿ ಜಾತ್ರೆ. ‘ಮಧ್ಯದವನು ಬುದ್ಧ, ಆ ಕಡೆ ಈ ಕಡೆ ಯಾರ್ರೀ?’ ಎಂದು ಹೆಂಡತಿ ಕೇಳುತ್ತಾಳೆ. ‘ಎಲ್ಲಾ ಒಂದೇ ಕಣೇ, ಕೈ ಮುಗಿ’ ಎನ್ನುತ್ತಾನೆ ಗಂಡ. ಗೊತ್ತಿಲ್ಲ ಎನ್ನುವುದಕ್ಕೆ ನಮ್ಮ ಸಂಸ್ಕೃತಿಯಲ್ಲಿರುವ ಅತಿ ಗೌರವದ ಮಾತು ಅದು. ಪದ್ಮಸಂಭವ ಯಾರು, ಅಮಿತಾಯುಸ್ ಯಾರು ಎಂದು ಪಕ್ಕದಲ್ಲೇ ನಿಂತ ಮರಿಭಿಕ್ಷುವನ್ನು ಕೇಳಿದ್ದರೆ ಅವನು ಮೈಸೂರು ಕನ್ನಡದಲ್ಲೇ ಹೇಳುತ್ತಿದ್ದ. ಆದರೆ ಅಷ್ಟು ಹೊತ್ತಿಗೆ ಮೊಮೊ ಆರಿಹೋಗುತ್ತಿತ್ತು.

ಅಲ್ಲಿಂದ ಸ್ವಲ್ಪ ದೂರದ ಸೇರಾ ಮಠದ ಅಂಗಳಕ್ಕೆ ಸಂಜೆ ಹೊತ್ತು ಹೋಗಿ ನಿಂತರೆ ಬೇರೆಯೇ ನೋಟ. ಒಬ್ಬ ಭಿಕ್ಷು ನೆಲದ ಮೇಲೆ ಕೂತಿರುತ್ತಾನೆ. ಇನ್ನೊಬ್ಬ ನಿಂತು ಪ್ರಶ್ನೆ ಎಸೆಯುತ್ತಾನೆ. ಜಪಸರವನ್ನು ಮೊಣಕೈಗೆ ಏರಿಸಿ, ಎಡಗಾಲೆತ್ತಿ ನೆಲಕ್ಕೆ ಬಡಿದು, ಅದೇ ಏಟಿಗೆ ಅಂಗೈಗೆ ಅಂಗೈ ತಟ್ಟಿ, ‘ಹೇಳು!’ ಎಂಬಂತೆ ಕೈಯನ್ನು ಅವನ ಮೂಗಿನ ತನಕ ಚಾಚುತ್ತಾನೆ. ಅಂಗಳದ ತುಂಬ ಇಂಥ ನೂರಾರು ಜೋಡಿ, ನೂರಾರು ಚಪ್ಪಾಳೆ. ನಮ್ಮ ಸಭೆಗಳಲ್ಲಿ ಚಪ್ಪಾಳೆ ಒಪ್ಪಿಗೆಗೆ, ಅಲ್ಲಿ ಚಪ್ಪಾಳೆ ತಕರಾರಿಗೆ. ವಸ್ತು ಹೇಗಿದೆ, ಹೇಗಿಲ್ಲ, ಇಲ್ಲದಿದ್ದರೆ ಯಾವ ಅರ್ಥದಲ್ಲಿ ಇಲ್ಲ ಎಂದು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹೀಗೆ ಬಡಿದಾಡಿದ ಮೇಲೆ ಗೆಶೆ ಪದವಿ. ನಾನು ಎರಡೇ ನಿಮಿಷದಲ್ಲಿ ಮುಗಿಸುವ ವಿಷಯ ಇದು!

ಅವರಲ್ಲೂ ಎಲ್ಲವೂ ತಣ್ಣಗಿಲ್ಲ. ದೋರ್ಜೆ ಶುಗ್ದೆನ್ ಎಂಬ ಒಬ್ಬ ರಕ್ಷಕ ದೇವತೆಯನ್ನು ಪೂಜಿಸಬೇಕೋ ಬೇಡವೋ ಎಂಬ ವಿಷಯಕ್ಕೆ 2008ರಲ್ಲಿ ಸೇರಾದ ಒಂದಷ್ಟು ಭಿಕ್ಷುಗಳು ಬೇರೆಯಾಗಿ, ಅದೇ ಬೈಲಕುಪ್ಪೆಯಲ್ಲಿ ಸೆರ್ಪೊಂ ಎಂಬ ಬೇರೆ ಮಠ ಮಾಡಿಕೊಂಡರು. ಒಂದೇ ಬುದ್ಧ, ಒಂದೇ ಶಾಸ್ತ್ರ, ಒಂದೇ ಕೆಂಪು ಬಟ್ಟೆ, ಗುರಿಯೂ ಒಂದೇ. ಒಡಕು ಬಂದದ್ದು ಅಲ್ಲಿಯೇ.

ಟೀ ಅಂಗಡಿಯಲ್ಲಿ ನನಗೆ ಚುಚ್ಚಿದ ಸಂಗತಿ ಇದು. ಸಾಲಿಗ್ರಾಮದ ವೈಷ್ಣವರಿಗೂ ಸೇರಾದ ಭಿಕ್ಷುಗಳಿಗೂ ಇಷ್ಟು ವರ್ಷದಲ್ಲಿ ಒಂದು ಸಣ್ಣ ಮಾತೂ ಬಂದಿಲ್ಲ. ಬರುವುದಾದರೂ ಹೇಗೆ? ಅವರಿಗೆ ಬೇಕಾದ ವೈಕುಂಠ ಇವರಿಗೆ ಬೇಡ, ಇವರ ನಿರ್ವಾಣ ಅವರಿಗೆ ಬೇಡ. ಗುರಿ ಬೇರೆ ಬೇರೆಯಾದ್ದರಿಂದ ನೆಮ್ಮದಿ. ಜಗಳ ಬೇಕಿದ್ದರೆ ಗುರಿ ಒಂದೇ ಆಗಬೇಕು. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ನೋಡಿ. ದತ್ತಾತ್ರೇಯನ ಭಕ್ತರಿಗೂ ದಾದಾ ಹಯಾತರ ಭಕ್ತರಿಗೂ ಗುರಿ ಒಂದೇ, ಉಪಮೆಯ ಅರ್ಥದಲ್ಲಿ ಅಲ್ಲ, ನಿಜವಾಗಿ ಒಂದೇ ಗುಹೆ. ನನ್ನ ಭಾಷಣದ ಪ್ರಕಾರ ಅದು ಸ್ವರ್ಗವಾಗಿರಬೇಕಿತ್ತು. ಆಗಿರುವುದು ಮಾತ್ರ ಕೋರ್ಟು ಕೇಸು. ಗುಹೆಯ ಪೂಜೆಗೆ ಮುಜಾವರರನ್ನಷ್ಟೇ ನೇಮಿಸಿದ್ದ 2018ರ ಸರ್ಕಾರಿ ಆದೇಶವನ್ನು ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ರದ್ದು ಮಾಡಿತು. 2022ರಲ್ಲಿ ಆಡಳಿತ ಸಮಿತಿ ಬಂತು, ಅರ್ಚಕರು ಬಂದರು. ದತ್ತ ಜಯಂತಿ ಹತ್ತಿರ ಬಂದಾಗಲೆಲ್ಲ ಆ ಬೆಟ್ಟಕ್ಕೆ ಭಕ್ತರಿಗಿಂತ ಮೊದಲು ಹತ್ತುವುದು ಪೊಲೀಸ್ ವ್ಯಾನು.

ನಮ್ಮ ಹುಣಸೂರೂ ಏನು ಕಡಿಮೆಯಿಲ್ಲ. ಇಲ್ಲಿ ಗುರಿಯ ಬಗ್ಗೆ ಯಾರಿಗೂ ತಕರಾರಿಲ್ಲ, ತಕರಾರು ದಾರಿಯದೇ. 2017ರ ಡಿಸೆಂಬರಿನಲ್ಲಿ ಹನುಮ ಜಯಂತಿ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು ಎಂಬುದಕ್ಕೆ ಊರಿಗೆ ಊರೇ ಬಂದೋಬಸ್ತಾಗಿ, ಅಂದಿನ ಸಂಸದರ ಕಾರು ಪೊಲೀಸ್ ಬ್ಯಾರಿಕೇಡಿಗೆ ನುಗ್ಗಿದ್ದನ್ನು ದೇಶವೆಲ್ಲ ಟೀವಿಯಲ್ಲಿ ನೋಡಿತು. ದಾರಿ ಹಲವು ಎಂದು ಹಾಡುವ ನಾವು ‘ಆ ಬೀದಿ ಬೇಡ, ಈ ಬೀದಿಯಲ್ಲಿ ಹೋಗಿ’ ಎಂದರೆ ಮಾತ್ರ ಕೇಳುವುದಿಲ್ಲ. ಇದೇ ತಾಲ್ಲೂಕಿನ ರತ್ನಪುರಿ ಜಾತ್ರೆಯಲ್ಲಿ ಆಂಜನೇಯನಿಗೂ ದರ್ಗಾಕ್ಕೂ ಜನ ಒಟ್ಟಿಗೇ ನಡೆದುಕೊಳ್ಳುತ್ತಾರೆ. ಅಲ್ಲಿ ‘ಎಲ್ಲ ಒಂದೇ’ ಎಂದು ಮೈಕಿನಲ್ಲಿ ಯಾರೂ ಹೇಳಬೇಕಿಲ್ಲ, ಎರಡು ಕಡೆಯೂ ಕಡ್ಲೆಪುರಿ ಕೊಂಡರೆ ಸಾಕು. ದೋರನಹಳ್ಳಿಯ ಸಂತ ಅಂತೋಣಿಯವರದೂ ಅದೇ ಕಥೆ. ಹೊಲ ಉಳುವವನ ನೇಗಿಲಿಗೆ ಸಿಕ್ಕ ಮೂರ್ತಿಯೆಂದು ಪ್ರತೀತಿ. 2019ರಲ್ಲಿ ಆ ಚರ್ಚಿಗೆ ಬೆಸಿಲಿಕಾ ಪಟ್ಟವೂ ಬಂತು. ಜೂನ್ 13ರ ಹಬ್ಬಕ್ಕೆ ಬರುವ ಒಕ್ಕಲಿಗರ ಹೆಂಗಸು ಪರಮಪದ ಕೇಳಲು ಬಂದವಳಲ್ಲ. ಕಳೆದುಹೋದ ವಸ್ತು ಹುಡುಕಿಕೊಡುವ ಸಂತ ಎಂದು ಕೇಳಿದ್ದಾಳೆ, ಕಳೆದ ಓಲೆ ಸಿಕ್ಕರೆ ಸಾಕು. ಗುರಿ ಚಿಕ್ಕದಾದಷ್ಟೂ ಸೌಹಾರ್ದ ದೊಡ್ಡದಾಗುತ್ತದೆಯೋ ಏನೋ.

ನನ್ನ ವಾಕ್ಯಕ್ಕೆ ದೊಡ್ಡವರ ಬೆಂಬಲವಿದೆ ಎಂದು ಯಾರಾದರೂ ನೆನಪಿಸಬಹುದು. ಇದೆ. ರಾಮಕೃಷ್ಣ ಪರಮಹಂಸರು ಹಾಗೆ ಹೇಳಿದ್ದು ನಿಜ. ಆದರೆ ಅವರು 1866ರಲ್ಲಿ ಇಸ್ಲಾಂ ಸಾಧನೆಗೆ ಕೂತಾಗ ದೇವಸ್ಥಾನದ ಆವರಣದ ಹೊರಗೆ ಇದ್ದು, ಉಡುಗೆ ಬದಲಿಸಿ, ಪ್ರಾರ್ಥನೆ ಬದಲಿಸಿ, ಕಾಳಿಯ ಮುಖವನ್ನೂ ನೋಡದೆ ದಿನ ಕಳೆದರು. ನಡೆದು ನೋಡಿ ಹೇಳಿದರು. ನಾನು ಕಾರಿನಲ್ಲಿ ಹೋಗಿ ಹೇಳುತ್ತೇನೆ. ವಿಲಾಯಿತಿಯ ಆಲ್ಡಸ್ ಹಕ್ಸ್ಲಿ 1945ರಲ್ಲಿ ಎಲ್ಲ ಅನುಭಾವದ ತಿರುಳೂ ಒಂದೇ ಎಂದು ದಪ್ಪ ಪುಸ್ತಕ ಬರೆದ. 1978ರಲ್ಲಿ ಸ್ಟೀವನ್ ಕಾಟ್ಸ್ ಎಂಬ ವಿದ್ವಾಂಸ, ಹಾಗಲ್ಲ, ಯಾವ ಸಂಪ್ರದಾಯದಲ್ಲಿ ಬೆಂದವನೋ ಆ ಸಂಪ್ರದಾಯದ ಅನುಭವವೇ ಆತನಿಗೆ ಆಗುತ್ತದೆ ಎಂದು ವಾದಿಸಿದ. ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಹೇಳಬೇಕಿರಲಿಲ್ಲ. ಹಲಸಿನ ಎಲೆಯಲ್ಲಿ ಬೆಂದ ಕಡುಬಿಗೆ ಹಲಸಿನೆಲೆಯ ಘಮ, ಬಾಳೆಲೆಯಲ್ಲಿ ಬೆಂದದ್ದಕ್ಕೆ ಬಾಳೆಲೆಯದು. ಅಕ್ಕಿ ಒಂದೇ ಅಲ್ಲವೇ ಎನ್ನುವವನು ಕಡುಬು ತಿಂದವನಲ್ಲ.

ಅಷ್ಟೇಕೆ, ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆಗೆ ಹೋಗಿ ‘ಎಲ್ಲ ಎಲೆಯೂ ಒಂದೇ, ಕೊನೆಗೆ ಆಗುವುದು ಹೊಗೆಯೇ’ ಎಂದು ಭಾಷಣ ಮಾಡಿ ನೋಡಿ. ಬ್ಯಾರನ್ನಿನ ಮುಂದೆ ನಿದ್ದೆಗೆಟ್ಟು ಎಲೆ ಬೇಯಿಸಿ, ಬಣ್ಣ ನೋಡಿ, ಉದ್ದ ನೋಡಿ, ಒಂದೊಂದೇ ಎಲೆ ಬಿಡಿಸಿ ಗ್ರೇಡ್ ಮಾಡಿ ತಂದ ರೈತ ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಆದರೆ ಖರೀದಿದಾರ ಬಹಳ ಖುಷಿಯಿಂದ ಒಪ್ಪುತ್ತಾನೆ. ಎಲ್ಲ ಒಂದೇ ಎಂದಾದರೆ ಎಲ್ಲಕ್ಕೂ ಲೋ ಗ್ರೇಡ್ ರೇಟು ಹಾಕಬಹುದಲ್ಲ!

ಸಮನ್ವಯದ ಇನ್ನೊಂದು ಗುಟ್ಟು ಊಟದಲ್ಲಿದೆ. ನಲವತ್ತು ಗೋಷ್ಠಿಗಳಲ್ಲಿ ನಾನು ಉಂಡಿದ್ದೇನೆ. ಧರ್ಮ ಯಾವುದೇ ಇರಲಿ, ಊಟ ಮಾತ್ರ ಕೋಸಂಬರಿ, ಹುಳಿ, ಪಾಯಸ. ಎಲ್ಲ ದಾರಿಗಳೂ ಒಂದೇ ಪಂಕ್ತಿಗೆ ಬಂದು ಸೇರುತ್ತವೆ, ಆ ಪಂಕ್ತಿ ಸಸ್ಯಾಹಾರಿಗಳದು. ಮಂಟೇಸ್ವಾಮಿ ಒಕ್ಕಲಿನವರ ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಗೆ ಅಡುಗೆಯಾಗುವುದು ಬಾಡು. ಅದಕ್ಕೆ ಪ್ರಾಣಿಬಲಿ ನಿಷೇಧ, ಚೆಕ್‌ಪೋಸ್ಟು. ನಿಮ್ಮ ದಾರಿಯೂ ನಮ್ಮ ಗುರಿಗೇ ಬರುತ್ತದೆ, ಆದರೆ ಬರುವಾಗ ಕೋಳಿ ತರಬೇಡಿ.

ಆ ಮಂಟೇಸ್ವಾಮಿಯ ಶಿಶುಮಗ ರಾಚಪ್ಪಾಜಿಯ ಗದ್ದುಗೆ ಇರುವುದು ನಮ್ಮ ಕೆ.ಆರ್. ನಗರ ತಾಲ್ಲೂಕಿನ ಕಪ್ಪಡಿಯಲ್ಲಿ, ಕಾವೇರಿಯ ದಡದಲ್ಲಿ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಕಥೆಯಲ್ಲಿ ಕಲ್ಯಾಣದ ಒಂದು ಪ್ರಸಂಗ ಬರುತ್ತದೆ. ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರು ಕೂತ ಊರು. ಮೇಲು ಕೀಳಿಲ್ಲ, ಎಲ್ಲರೂ ಒಂದೇ ಎಂದು ಸಾರಿದ ಊರು. ನಮ್ಮ ಎಲ್ಲ ಸಮನ್ವಯ ಗೋಷ್ಠಿಗಳ ಅಜ್ಜ ಆ ಊರು. ಅಲ್ಲಿಗೆ ಮಂಟೇಸ್ವಾಮಿ ಬರುತ್ತಾರೆ. ಮೈಯೆಲ್ಲ ತೊನ್ನು ಕೀವು, ಹೆಗಲ ಮೇಲೆ ಸತ್ತ ಕರು. ಜಂಗಮರು ಮೂಗು ಮುಚ್ಚಿಕೊಂಡು ದಿಕ್ಕಾಪಾಲು. ಕೊನೆಗೆ ಆ ನಾತವನ್ನು ದಾಟಿ ಹತ್ತಿರ ಬಂದು ಗುರುತು ಹಿಡಿದವರು ಬಸವಣ್ಣ ಮತ್ತು ನೀಲಮ್ಮ. ಲಕ್ಷದ ತೊಂಬತ್ತಾರು ಸಾವಿರದಲ್ಲಿ ಇಬ್ಬರು. ನನ್ನ ಸಭೆಗಳಲ್ಲಿ ಆ ಲೆಕ್ಕದಲ್ಲಿ ಎಷ್ಟು ಜನ ಉಳಿಯುತ್ತಾರೆ ಎಂದು ಗುಣಿಸಿ ನೋಡಿದೆ. ಅಧ್ಯಕ್ಷರೂ ಉಳಿಯುವುದಿಲ್ಲ. ನಾನು ಉಳಿಯುತ್ತೇನೆಯೇ ಎಂದು ಲೆಕ್ಕ ಹಾಕಲು ಹೋಗಲಿಲ್ಲ.

ವೀರನಹೊಸಹಳ್ಳಿಗೂ ವರ್ಷಕ್ಕೊಮ್ಮೆ ಒಂದು ಸಮನ್ವಯ ಸಂಭ್ರಮ ಬರುತ್ತದೆ, ಗಜಪಯಣ. ದಸರಾ ಆನೆಗಳು ಮೈಸೂರಿಗೆ ಹೊರಡುವುದು ಇದೇ ಗೇಟಿನಿಂದ. 2025ರಲ್ಲಿ ಆಗಸ್ಟ್ 4ರಂದು ಮೊದಲ ತಂಡದ ಒಂಬತ್ತು ಆನೆಗಳು ಹೊರಟವು. ಹಲವು ಶಿಬಿರಗಳ ಆನೆಗಳು, ಹಾದಿ ಬೇರೆ ಬೇರೆ, ಕೊನೆಗೆ ಎಲ್ಲವೂ ಅರಮನೆಗೆ. ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಉಪಮೆ ಸಿಗಲಾರದು. ಶುಭ ಲಗ್ನದಲ್ಲಿ ಪೂಜೆ, ಪೂರ್ಣಕುಂಭ, ಕಬ್ಬು, ಬೆಲ್ಲ, ತೆಂಗಿನಕಾಯಿ, ಸಚಿವರ ಪುಷ್ಪಾರ್ಚನೆ. ಡೊಳ್ಳಿನ ಸದ್ದಿಗೆ ಆನೆಗಳು ನಾಲ್ಕು ಹೆಜ್ಜೆ ಹಾಕುತ್ತವೆ. ಫೋಟೋ ಆಗುತ್ತದೆ. ಆಮೇಲೆ ಲಾರಿ ಹತ್ತಿಸುತ್ತಾರೆ. ಮೈಸೂರಿನ ತನಕ ಪಯಣ ಮಾಡುವುದು ಡೀಸೆಲ್ಲು. ಹತ್ತಾರು ಆನೆ ಹೋದರೂ 750 ಕೆ.ಜಿ. ಅಂಬಾರಿ ಹೊರುವುದು ಒಂದೇ ಆನೆ. ಆನೆಯ ಗುರಿ ಅರಮನೆಯೋ ಅಥವಾ ಬಿಟ್ಟು ಬಂದ ಹೊಳೆಯ ದಡವೋ ಎಂದು ಪುರೋಹಿತರು ಕೇಳಿದ್ದಿಲ್ಲ. ಗೊತ್ತಿದ್ದರೆ ಅದು ಕತ್ತಿನ ಮೇಲೆ ಕೂತ ಮಾವುತನಿಗೆ ಗೊತ್ತಿರಬೇಕು. ಮಾವುತರು, ಕಾವಾಡಿಗಳಲ್ಲಿ ಬಹಳ ಜನ ಈ ಕಾಡಿನ ಹಾಡಿಗಳವರು. ವೇದಿಕೆಯ ಮೇಲೆ ಅವರಿಗೆ ಕುರ್ಚಿ ಹಾಕಿರುವುದಿಲ್ಲ, ಆನೆ ಹಿಡಿದುಕೊಂಡು ನಿಂತಿರುತ್ತಾರಲ್ಲ!

ಆ ಹಾಡಿಗಳವರ ಒಂದು ಹಬ್ಬದ ಬಗ್ಗೆ ಹೇಳಲೇಬೇಕು. ಈ ಕಾಡಿನ ಆಚೆ ಬದಿಯಲ್ಲಿ, ತಿತಿಮತಿ ಹತ್ತಿರದ ದೇವರಪುರದಲ್ಲಿ ಮೇ ತಿಂಗಳ ಕೊನೆಯ ಹೊತ್ತಿಗೆ ಕುಂಡೆ ಹಬ್ಬ. ಜೇನುಕುರುಬರು, ಬೆಟ್ಟಕುರುಬರು, ಎರವರು ಬಣ್ಣ ಬಳಿದುಕೊಂಡು, ಸೀರೆ ಸುತ್ತಿಕೊಂಡು, ಡಬ್ಬ ಬಡಿಯುತ್ತಾ ಸಿಕ್ಕಸಿಕ್ಕವರನ್ನು ಬೈಯುತ್ತಾ ಬರುತ್ತಾರೆ. ಮೊದಲ ಬೈಗುಳ ದೇವರಿಗೇ. ಅವರ ಕಥೆಯ ಪ್ರಕಾರ, ಕಾಡಿಗೆ ಜೊತೆಯಲ್ಲಿ ಕರೆತಂದ ಅಯ್ಯಪ್ಪ ಭದ್ರಕಾಳಿಯನ್ನು ಕಂಡು ಇವರನ್ನು ನಡುದಾರಿಯಲ್ಲಿ ಬಿಟ್ಟು ಹೊರಟುಹೋದ. ಆ ಸಿಟ್ಟನ್ನು ವರ್ಷಕ್ಕೊಂದು ದಿನ ಬೈದು ತೀರಿಸಿಕೊಂಡು, ಕೊನೆಗೆ ಅವನಿಗೇ ಕೈಮುಗಿದು ತಪ್ಪಾಯಿತು ಎಂದು ಹೋಗುತ್ತಾರೆ. ದೇವರೂ ತಾವೂ ಒಂದೇ ಗುರಿಗೆ ಹೊರಟಿದ್ದೇವೆ ಎಂದು ನಂಬದ ಜನ ಇವರು. ಅವನ ದಾರಿ ಅವನದು, ನಮ್ಮ ದಾರಿ ನಮ್ಮದಾಯಿತು ಎಂದು ಅವನ ಮುಖಕ್ಕೇ ಹೇಳಿದವರು. ನನ್ನ ನಲವತ್ತು ಭಾಷಣಕ್ಕಿಂತ ಇದು ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಇವರನ್ನು ಗೋಷ್ಠಿಗೆ ಕರೆದದ್ದನ್ನು ಮಾತ್ರ ನಾನು ಕಂಡಿಲ್ಲ. ನಿಜ ಹೇಳಬೇಕೆಂದರೆ, ಕರೆದರೆ ಮೊದಲು ಬೈಸಿಕೊಳ್ಳುವವನು ಮುಖ್ಯ ಭಾಷಣಕಾರ.

ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಒಳಗಿದ್ದವರು ಹಂತಹಂತವಾಗಿ ಹೊರಗಾದರು. ಇಲ್ಲಿಗೆ ಹತ್ತಿರದ ನಾಗಾಪುರದಲ್ಲಿ ಪುನರ್ವಸತಿ ಕೇಂದ್ರಗಳಿವೆ. ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ಒಕ್ಕಲೆದ್ದ ಆದಿವಾಸಿ ಕುಟುಂಬಗಳ ಲೆಕ್ಕ 3,418. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರುಕೊಲ್ಲಿಗೆ 52 ಜೇನುಕುರುಬ ಕುಟುಂಬಗಳು ಮರಳಿ ಹೋಗಿ ಗುಡಿಸಲು ಕಟ್ಟಲು ನಿಂತವು. ನಮ್ಮ ಹಿರಿಯರು ಅಲ್ಲಿದ್ದಾರೆ, ನಮ್ಮ ದೇವರು ಅಲ್ಲಿದೆ ಎಂಬುದು ಅವರ ಮಾತು. ಅರಣ್ಯ ಇಲಾಖೆ ಒಪ್ಪಲಿಲ್ಲ. ಹುಲಿಗೆ ಗದ್ದಲ ಆಗುತ್ತದೆ. ಗಜಪಯಣದ ಡೊಳ್ಳಿನಿಂದ ಆಗುವುದಿಲ್ಲ.

ಟೀ ಮುಗಿದಿತ್ತು. ಕತ್ತಲಾಗಿತ್ತು. ‘ಯಾರಿಗೆ ಅಂದ್ಯಲ್ಲಜ್ಜ, ಯಾಕೆ ಹಂಗಂದೆ?’ ಎಂದು ಕೇಳಿದೆ.

‘ನೀವು ಕುಟ್ಟಕ್ಕೋಗೋರು. ಕಾಡು ನಿಮ್ಗೆ ದಾರಿ ಅಷ್ಟೇಯ. ಇದು ಮುಚ್ಚುದ್ರೆ ಗೋಣಿಕೊಪ್ಪದ ಮ್ಯಾಲೆ ಹೋಯ್ತೀರಿ. ನಂದು ಹಂಗಲ್ಲ ಸಾಮಿ. ಅಪ್ಪ, ಅವ್ವ, ದ್ಯಾವ್ರು ಎಲ್ಲಾ ಒಳ್ಗೇ ಅವ್ರೆ. ಅಲ್ಲಿಗೋಗಕೆ ಗೋಣಿಕೊಪ್ಪದ ಮ್ಯಾಲೆ ದಾರಿ ಇಲ್ಲ.’

ಗಾಡಿ ತಿರುಗಿಸಿದೆ. ತಿತಿಮತಿ, ಗೋಣಿಕೊಪ್ಪ ದಾಟಿ ತಡವಾಗಿ ಕುಟ್ಟ ಸೇರಿದೆ. ತಂಗಿ ಅಕ್ಕಿರೊಟ್ಟಿ ಮುಚ್ಚಿಟ್ಟಿದ್ದಳು. ಮಾರನೇ ಬೆಳಗ್ಗೆ ಕಾಡಿನ ರಸ್ತೆಯಲ್ಲೇ ಬಂದೆ. ಆ ಕಡೆಯ ಗೇಟಿನಲ್ಲಿ ಗಾಡಿ ನಂಬರು, ಹೊತ್ತು ಬರೆದ ಚೀಟಿ ಕೊಟ್ಟರು. ಒಳಗೆ ಎಲ್ಲೂ ನಿಲ್ಲಿಸುವಂತಿಲ್ಲ, ಗಾಡಿಯಿಂದ ಇಳಿಯುವಂತಿಲ್ಲ. ವೀರನಹೊಸಹಳ್ಳಿ ಗೇಟಿನಲ್ಲಿ ಚೀಟಿ ವಾಪಸು ಪಡೆದು ಬಿಟ್ಟರು.